ಬಹುಜನರ ನಾಲಗೆ

ಹೋದ ತಿಂಗಳು ನಮ್ಮ ಸಂಘದ ಸಭೆ ಮುಗಿದ ಮೇಲೆ ನಾವು ಐದಾರು ಮಂದಿ ಮಿತ್ರರು ಉಪಾಹಾರಕ್ಕೆಂದು ಪೇಟೆಯ ಕಡೆಗೆ ಹೊರಟೆವು. ಬೀದಿಯ ಈ ಮಗ್ಗುಲಲ್ಲಿ ಒಂದು ಹೋಟೆಲು, ಆ ಮಗ್ಗುಲಲ್ಲಿ ಇನ್ನೊಂದು. ಎರಡರ ಒಳಗಿನಿಂದಲೂ ದೋಸೆಯ ಕಾವಲಿಯ ಪರಿಮಳ ಒಂದೇ ತೆರನಾಗಿ ಬರುತ್ತಿದ್ದಿತು. ನಮ್ಮಲ್ಲಿ ಎಲ್ಲರಿಗಿಂತ ಕಿರಿಯರಾದವರು ಜೇಬಿನಿಂದ ಮೊಬೈಲನ್ನು ತೆಗೆದು ಒಂದು ಕ್ಷಣ ನೋಡಿ, “ಇದಕ್ಕೆ 4.3, ಅದಕ್ಕೆ 3.8. ಇಲ್ಲಿಗೇ ಹೋಗೋಣ” ಎಂದು ತೀರ್ಪಿತ್ತರು. ಎಲ್ಲರಿಗಿಂತ ಹಿರಿಯರಾದವರು, “ಅಲ್ಲಪ್ಪಾ, ಮೂವತ್ತು ವರ್ಷಗಳಿಂದ ನಾನು ಆ ಹೋಟೆಲಿನಲ್ಲಿ ತಿನ್ನುತ್ತಿದ್ದೇನೆ. ಅದಕ್ಕೆ 3.8 ಎಂದವರು ಯಾರು?” ಎಂದು ಕೇಳಿದರು. “ಯಾರು ಎಂದರೆ ಜನ, ಸಾರ್. ಆರುನೂರು ಜನ.” “ಆ ಆರುನೂರರಲ್ಲಿ ಒಬ್ಬರನ್ನಾದರೂ ನೀನು ಬಲ್ಲೆಯೋ?” ಇದಕ್ಕೆ ಉತ್ತರ ಬರಲಿಲ್ಲ. ಹಸಿವು ವಾದಕ್ಕಿಂತ ಬಲವಾಗಿದ್ದುದರಿಂದ ನಾವು 4.3ರ ಬಾಗಿಲನ್ನೇ ಹೊಕ್ಕೆವು. ಅಲ್ಲಿ ತಿಂದ ದೋಸೆ ಹೊಗಳುವಂತೆಯೂ ಇರಲಿಲ್ಲ, ತೆಗಳುವಂತೆಯೂ ಇರಲಿಲ್ಲ. ಆದರೆ ಆ ಹಿರಿಯರ ಪ್ರಶ್ನೆ ಮಾತ್ರ ನನ್ನ ಮನಸ್ಸಿನಲ್ಲಿ ಉಳಿದುಕೊಂಡಿತು. ಕಾಣದ ಆರುನೂರು ಮಂದಿಯ ನಾಲಗೆಯನ್ನು ನಂಬಿ, ಕಣ್ಣೆದುರಿಗಿದ್ದ ಒಬ್ಬರ ಮೂವತ್ತು ವರ್ಷದ ನಾಲಗೆಯನ್ನು ಬದಿಗಿಟ್ಟೆವಲ್ಲ. ಹಾಗೆ ಮಾಡಿದುದು ಯುಕ್ತವೇ?

“ಊಟ ತನ್ನಿಚ್ಛೆ, ನೋಟ ಪರರಿಚ್ಛೆ” ಎಂದು ನಮ್ಮ ಗಾದೆ. ಉಡುವುದರಲ್ಲಿ ಲೋಕದ ಮಾತಿಗೆ ಬೆಲೆ ಕೊಡು, ಉಣ್ಣುವುದರಲ್ಲಿ ನಿನ್ನ ನಾಲಗೆಯೇ ಅರಸು ಎಂಬುದು ಅದರ ತಾತ್ಪರ್ಯ. ಈಗ ಕಾಲ ತಿರುಗಿದೆ. ಉಡುಪಿನ ವಿಷಯದಲ್ಲಿ ಹೆತ್ತವರ ಮಾತನ್ನೂ ಕೇಳದ ತರುಣರು ಒಂದು ಇಡ್ಲಿಯನ್ನು ತಿನ್ನಬೇಕಾದರೆ ಲೋಕಾಭಿಪ್ರಾಯವನ್ನು ವಿಚಾರಿಸಿಯೇ ಒಳಗೆ ಕಾಲಿಡುತ್ತಾರೆ. ಇದನ್ನು ನಗೆಯಾಡಿ ಬಿಡುವುದು ಸುಲಭ. ವಿಚಾರ ಮಾಡಿ ನೋಡುವುದು ಮೇಲು.

ಈ ಪದ್ಧತಿ ಮೊಬೈಲಿನೊಡನೆ ಹುಟ್ಟಿದುದಲ್ಲ. ಫ್ರಾನ್ಸಿನಲ್ಲಿ ಟಯರುಗಳನ್ನು ತಯಾರಿಸುತ್ತಿದ್ದ ಮಿಶೆಲಿನ್ ಸಹೋದರರು 1900ರಲ್ಲಿ ಮೋಟಾರು ಪ್ರಯಾಣಿಕರಿಗೆಂದು ಒಂದು ಕೈಪಿಡಿಯನ್ನು ಹೊರಡಿಸಿದರು. 1926ರಲ್ಲಿ ಅದರೊಳಗೆ ಒಳ್ಳೆಯ ಭೋಜನಶಾಲೆಗಳಿಗೆ ನಕ್ಷತ್ರದ ಗುರುತು ಬಂತು. ಆದರೆ ಆ ನಕ್ಷತ್ರಗಳನ್ನು ಕೊಡುವವರು ಸಂಬಳ ಪಡೆಯುವ ಪರೀಕ್ಷಕರು. ಯಾರೆಂದು ತಿಳಿಸದೆ ಹೋಗಿ, ಉಂಡು, ದುಡ್ಡು ತೆತ್ತು ಬರುವವರು. ಇದಕ್ಕೆ ಇದಿರಾದ ದಾರಿಯನ್ನು ಹಿಡಿದವರು ನ್ಯೂಯಾರ್ಕಿನ ವಕೀಲ ದಂಪತಿಗಳಾದ ಟಿಮ್ ಜಗಾಟ್ ಮತ್ತು ನೀನಾ ಜಗಾಟ್. ಒಂದು ಔತಣದಲ್ಲಿ ಮಿತ್ರರು ಪತ್ರಿಕೆಯ ವಿಮರ್ಶಕರನ್ನು ನಂಬುವಂತಿಲ್ಲವೆಂದು ಗೊಣಗಿದರಂತೆ. ಹಾಗಾದರೆ ನಾವು ನಾವೇ ಅಂಕ ಕೊಟ್ಟುಕೊಳ್ಳೋಣ ಎಂದು ಇವರು 1979ರಲ್ಲಿ ಸುಮಾರು 200 ಮಂದಿ ಪರಿಚಿತರಿಂದ ಅಭಿಪ್ರಾಯಗಳನ್ನು ಕೂಡಿಸಿ, ಬೆರಳಚ್ಚು ಮಾಡಿಸಿ ಹಂಚಿದರು. ಅಡುಗೆಗೆ, ಅಲಂಕಾರಕ್ಕೆ, ಬಡಿಸುವ ಉಪಚಾರಕ್ಕೆ ಬೇರೆಬೇರೆಯಾಗಿ ಸೊನ್ನೆಯಿಂದ ಮೂರರವರೆಗೆ ಅಂಕ. ಅವುಗಳ ಸರಾಸರಿಯನ್ನು ಹತ್ತರಿಂದ ಗುಣಿಸಿದರೆ ಮೂವತ್ತಕ್ಕೆ ಇಷ್ಟು ಎಂದು ಲೆಕ್ಕ. ಅಂಕಿಗಳ ಕೆಳಗೆ, ಉಂಡವರ ಮಾತಿನ ತುಣುಕುಗಳನ್ನು ಆಯ್ದು ಹೂವಿನಂತೆ ಪೋಣಿಸಿದ ನಾಲ್ಕು ಸಾಲು. ಈ ಕಿರುಹೊತ್ತಗೆ ಕೆಲವೇ ವರ್ಷಗಳಲ್ಲಿ ನ್ಯೂಯಾರ್ಕಿನವರ ಜೇಬಿನಲ್ಲಿ ಮನೆಮಾಡಿತು. ಬೇರೆ ಬೇರೆ ಪಟ್ಟಣಗಳಿಗೂ ಹರಡಿತು. 2011ರಲ್ಲಿ ಗೂಗಲ್ ಸಂಸ್ಥೆಯವರು 15 ಕೋಟಿ 10 ಲಕ್ಷ ಡಾಲರು ಕೊಟ್ಟು ಇದನ್ನು ಕೊಂಡರು, 2018ರಲ್ಲಿ ಮಾರಿಯೂ ಬಿಟ್ಟರು. ಅಷ್ಟು ಹೊತ್ತಿಗೆ ಯೆಲ್ಪ್, ಟ್ರಿಪ್ ಅಡ್ವೈಸರ್, ನಮ್ಮ ದೇಶದಲ್ಲಿ ಜೊಮ್ಯಾಟೊ, ಗೂಗಲ್ಲಿನವರದೇ ನಕಾಶೆ, ಎಲ್ಲವೂ ಇದೇ ಕೆಲಸವನ್ನು ಕಾಗದವಿಲ್ಲದೆ ಮಾಡತೊಡಗಿದ್ದವು.

ಈ ಕಥೆಯಲ್ಲಿ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕೆಂದು ಬೇಡುತ್ತೇನೆ. ಮೊದಲ ವರ್ಷದ ಆ 200 ಮಂದಿ ಆ ದಂಪತಿಗಳಿಗೆ ಪರಿಚಿತರು. ಯಾರಿಗೆ ಖಾರ ಸಲ್ಲದು, ಯಾರು ಜಿಪುಣರು, ಯಾರು ಬಡಿಸುವವನ ಮುಗುಳ್ನಗೆಗೆ ಸೋಲುವವರು ಎಂಬುದು ಅವರಿಗೆ ತಿಳಿದಿದ್ದಿರಬೇಕು. ಆ ಪಟ್ಟಿಯಲ್ಲಿ ನಂಬುವಂತಹುದು ಏನಿತ್ತೋ ಅದೆಲ್ಲ ಆ ಪರಿಚಯದಿಂದ ಬಂದುದು. ಮುಂದೆ ಅಂಕ ಕೊಡುವವರು ಸಾವಿರವಾಗಿ, ಹತ್ತು ಸಾವಿರವಾಗಿ ಬೆಳೆದರು. ನಿಜವಾಗಿ ಅಲ್ಲಿ ಉಂಡವರೋ, ಉಣ್ಣದೆಯೇ ಬರೆದವರೋ ಎಂದು ನೋಡುವ ಉಪಾಯವೂ ಇರಲಿಲ್ಲ. ಬರೆದವರಿಗೆ ಮುಂದಿನ ಪುಸ್ತಕದ ಒಂದು ಪ್ರತಿ ಬಿಟ್ಟಿಯಾಗಿ ದೊರೆಯುತ್ತಿದ್ದಿತು, ಅಷ್ಟೆ. ಪರಿಚಯ ಹೋಯಿತು, ಅಂಕಿ ಉಳಿಯಿತು. ನೋಡುವವನ ಕಣ್ಣಿಗೆ ಮೊದಲಿನ 24ಕ್ಕೂ ಅನಂತರದ 24ಕ್ಕೂ ಏನೂ ಭೇದವಿಲ್ಲ.

“ಪರಿಚಯವಿಲ್ಲದಿದ್ದರೇನು? ಒಬ್ಬೊಬ್ಬನ ತಪ್ಪೂ ಬೇರೆಬೇರೆ, ಬಹಳ ಜನರನ್ನು ಕೂಡಿಸಿದರೆ ತಪ್ಪಿಗೆ ತಪ್ಪು ಹೊಡೆದುಹೋಗಿ ಸತ್ಯ ತೇಲುತ್ತದೆ” ಎಂದು ಪೂರ್ವಪಕ್ಷ. ಇದು ಹುಡುಗಾಟದ ಮಾತಲ್ಲ. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಊರಿನ ಜಾನುವಾರು ಜಾತ್ರೆಯಲ್ಲಿ ಒಂದು ಎತ್ತನ್ನು ನಿಲ್ಲಿಸಿ, ಕೊಯ್ದು ಹಸನು ಮಾಡಿದ ಮೇಲೆ ಅದು ಎಷ್ಟು ತೂಗುವುದೆಂದು ಪಂದ್ಯ ಹೂಡಿದ್ದರು. ಆ ಚೀಟಿಗಳನ್ನೆಲ್ಲ ಫ್ರಾನ್ಸಿಸ್ ಗಾಲ್ಟನ್ ಎಂಬ ವೃದ್ಧ ವಿದ್ವಾಂಸನು ಪಡೆದು, ಓದಲಾಗದವನ್ನು ತೆಗೆದುಹಾಕಿ, ಉಳಿದ 787ನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನದನ್ನು ನೋಡಿದನು. ಅದರಲ್ಲಿ 1207 ಪೌಂಡು ಎಂದಿತ್ತು. ಎತ್ತು ತೂಗಿದ್ದು 1198. ಜನಸಮೂಹದ ಬುದ್ಧಿಯಲ್ಲಿ ಅಷ್ಟಾಗಿ ವಿಶ್ವಾಸವಿಲ್ಲದಿದ್ದ ಆ ಶ್ರೀಮಂತ ಪಂಡಿತನೇ ಮರುವರ್ಷ ಇದನ್ನು ಬೆರಗಿನಿಂದ ಪ್ರಕಟಿಸಿದನು. ಬಹುಜನಾಭಿಪ್ರಾಯವನ್ನು ಹೊಗಳುವವರು ಇಂದಿಗೂ ಈ ಎತ್ತನ್ನೇ ಮುಂದೆ ಹೊಡೆದುಕೊಂಡು ಬರುತ್ತಾರೆ.

ಆದರೆ ಆ ಎತ್ತಿನ ಸುತ್ತ ಏನೇನಿತ್ತೆಂಬುದನ್ನು ನೋಡಿರಿ. ಚೀಟಿಗೆ ಆರು ಪೆನ್ನಿ ಕೊಡಬೇಕಾಗಿತ್ತು; ದುಡ್ಡು ಕೊಟ್ಟವನು ಕುಚೋದ್ಯಕ್ಕೆ ಬರೆಯುವುದಿಲ್ಲವೆಂದು ಗಾಲ್ಟನನೇ ಸೂಚಿಸಿದ್ದಾನೆ. ಸರಿಯಾಗಿ ಹೇಳಿದವನಿಗೆ ಬಹುಮಾನವಿತ್ತು. ಒಬ್ಬೊಬ್ಬನೂ ತನ್ನ ಚೀಟಿಯನ್ನು ತಾನೇ ಬರೆದನು. ನೆರೆಯವನ ಚೀಟಿ ಅವನಿಗೆ ಕಾಣುತ್ತಿರಲಿಲ್ಲ. ಕೊನೆಗೆ, ಒಂದು ತಕ್ಕಡಿ ಇತ್ತು. ಎಲ್ಲರ ಮಾತೂ ಮುಗಿದ ಮೇಲೆ ತಕ್ಕಡಿ ಮಾತನಾಡಿತು. ಹೋಟೆಲಿನ ನಕ್ಷತ್ರಗಳಲ್ಲಿ ಇವುಗಳಲ್ಲೊಂದಾದರೂ ಉಂಟೇ?

ಆರು ಪೆನ್ನಿಯ ವಿಷಯ. ನಕ್ಷತ್ರವನ್ನು ಒತ್ತುವುದಕ್ಕೆ ಒಂದು ಕಾಸೂ ಬೇಡ. ಒತ್ತಿ ಕಾಸು ಗಳಿಸುವುದು ಮಾತ್ರ ಸಾಧ್ಯ. ಲಂಡನ್ನಿನ ಊಬಾ ಬಟ್ಲರ್ ಎಂಬ ತರುಣ ಲೇಖಕನು ಹಿಂದೆ ತಲಾ ಹತ್ತು ಪೌಂಡಿಗೆ ತಾನು ಕಾಲಿಡದ ಭೋಜನಶಾಲೆಗಳನ್ನು ಹೊಗಳಿ ಬರೆದುಕೊಡುತ್ತಿದ್ದವನು. 2017ರಲ್ಲಿ ಅವನು ಡಲ್ವಿಚ್ ಎಂಬಲ್ಲಿ ತನ್ನ ಹಿತ್ತಿಲ ಕೊಟ್ಟಿಗೆಗೆ ಭೋಜನಶಾಲೆಯೆಂದು ಹೆಸರಿಟ್ಟು ಟ್ರಿಪ್ ಅಡ್ವೈಸರಿನಲ್ಲಿ ಸೇರಿಸಿದನು. ಕ್ಷೌರದ ನೊರೆಯಿಂದ ಭಕ್ಷ್ಯಗಳ ಚಿತ್ರಗಳನ್ನು ಸೃಷ್ಟಿಸಿದನು. ಒಂದು ಚಿತ್ರದಲ್ಲಿ ಅವನ ಹಿಮ್ಮಡಿಯೇ ಮಾಂಸದ ತುಂಡಾಗಿ ನಟಿಸಿತು. ಮಿತ್ರರಿಂದ ಹೊಗಳಿಕೆಗಳನ್ನು ಬರೆಯಿಸಿದನು. ಹದಿನೆಂಟು ಸಾವಿರಕ್ಕೂ ಮೀರಿದ ಪಟ್ಟಿಯಲ್ಲಿ ಕಟ್ಟಕಡೆಯದಾಗಿ ಹೊರಟ ಆ ಕೊಟ್ಟಿಗೆ ಅದೇ ವರ್ಷದ ನವೆಂಬರಿನಲ್ಲಿ ಲಂಡನ್ನಿಗೇ ಪ್ರಥಮ ಸ್ಥಾನವನ್ನು ಪಡೆಯಿತು. ಆ ವೇಳೆಗೆ ಅಲ್ಲಿ ಒಬ್ಬನೂ ಒಂದು ತುತ್ತನ್ನೂ ಉಂಡಿರಲಿಲ್ಲ! ಕೊನೆಗೆ ಒಂದು ರಾತ್ರಿ ಕೆಲವರನ್ನು ಕರೆದು, ಅಂಗಡಿಯಿಂದ ತಂದ ಅಗ್ಗದ ಸಿದ್ಧಾನ್ನವನ್ನು ಬಿಸಿಮಾಡಿ ಬಡಿಸಿದನು. ಅವರಲ್ಲಿ ಮತ್ತೆ ಬರುತ್ತೇವೆ ಎಂದು ಕೇಳಿದವರೂ ಇದ್ದರಂತೆ. ಸುಳ್ಳು ಬರೆದವರ ಅಪರಾಧವನ್ನು ನಾವು ಸುಲಭವಾಗಿ ಹೇಳಬಲ್ಲೆವು. ನಾಲಗೆಯ ಮೇಲೆ ಸಾಕ್ಷಾತ್ತಾಗಿ ಕುಳಿತಿದ್ದ ಅನ್ನಕ್ಕಿಂತ ಅಂಕಿಯನ್ನು ಹೆಚ್ಚಾಗಿ ನಂಬಿದ ಆ ಅತಿಥಿಗಳಿಗೆ ಏನೆನ್ನೋಣ? ನನಗಂತೂ ಕೊಟ್ಟಿಗೆಗಿಂತ ಈ ಅತಿಥಿಗಳೇ ಹೆಚ್ಚು ಭಯವನ್ನುಂಟುಮಾಡುತ್ತಾರೆ.

ಸರಕಾರಗಳೂ ಸುಮ್ಮನೆ ಕುಳಿತಿಲ್ಲ. ಇಂತಹ ಅಭಿಪ್ರಾಯಗಳನ್ನು ಹೇಗೆ ಸಂಗ್ರಹಿಸಿ ಪ್ರಕಟಿಸಬೇಕೆಂದು ಭಾರತೀಯ ಮಾನಕ ಬ್ಯೂರೋದವರು 2022ರಲ್ಲಿ ಒಂದು ಮಾನಕವನ್ನು ಹೊರಡಿಸಿದರು. ಅಮೆರಿಕಾದಲ್ಲಿ 2024ರಲ್ಲಿ ಸುಳ್ಳು ಅಭಿಪ್ರಾಯಗಳ ಕ್ರಯವಿಕ್ರಯವನ್ನು ನಿಷೇಧಿಸಿ ನಿಯಮವಾಯಿತು. ಒಳ್ಳೆಯದೇ. ಆದರೆ ಕೂಲಿಯ ಸುಳ್ಳನ್ನು ಕಾನೂನು ಹಿಡಿದೀತೇ ಹೊರತು, ಕೂಲಿಯಿಲ್ಲದೆ ನಾವು ಹೇಳುವ ಅರೆಸುಳ್ಳನ್ನು ಹಿಡಿಯಲಾರದು.

ಇನ್ನು ನೆರೆಯವನ ಚೀಟಿ. ಇಲ್ಲಿ ನಾವು ಬರೆಯುವ ಮೊದಲೇ ಎಲ್ಲರ ಚೀಟಿಯೂ ನಮ್ಮ ಕಣ್ಣ ಮುಂದಿರುತ್ತದೆ. 4.5 ಎಂದು ಕಂಡು ಒಳಹೊಕ್ಕವನಿಗೆ ಸಪ್ಪೆಯ ಪಲ್ಯವೂ ಹಿತಮಿತವಾದ ಪಾಕವಾಗಿ ತೋರುವುದು. ಮುಚ್ನಿಕ್, ಅರಾಲ್, ಟೇಲರ್ ಎಂಬ ಮೂವರು ವಿದ್ವಾಂಸರು 2013ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಸುದ್ದಿಗಳ ಮೇಲೆ ಜನ ಬರೆಯುವ ಟಿಪ್ಪಣಿಗಳಲ್ಲಿ ಕೆಲವಕ್ಕೆ, ಗುಣವನ್ನು ನೋಡದೆ, ಕಣ್ಣುಮುಚ್ಚಿ ಆರಿಸಿ, ಮೊದಲ ಮೆಚ್ಚುಗೆಯೊಂದನ್ನು ತಾವೇ ಹಾಕಿದರು. ಕಡೆಯಲ್ಲಿ ಅಂತಹ ಟಿಪ್ಪಣಿಗಳ ಅಂಕ ಮಿಕ್ಕವಕ್ಕಿಂತ ಸರಾಸರಿ ಶೇಕಡಾ 25ರಷ್ಟು ಮೇಲೇರಿತ್ತು. ವಿಚಿತ್ರವೇನೆಂದರೆ, ಮೊದಲು ಸುಳ್ಳು ತೆಗಳಿಕೆಯನ್ನು ಹಾಕಿದರೆ ಜನ ಅದನ್ನು ತಿದ್ದಿಬಿಡುತ್ತಿದ್ದರು. ಸುಳ್ಳು ಹೊಗಳಿಕೆಯನ್ನು ತಿದ್ದಲಿಲ್ಲ. ಅದು ಊಟದ ವಿಷಯವಲ್ಲ, ನಿಜ. ಆದರೆ ಮನುಷ್ಯಸ್ವಭಾವ ಪಂಕ್ತಿಯಲ್ಲಿ ಕುಳಿತೊಡನೆ ಬದಲಾಗುವುದೆಂದು ನಂಬಲು ಕಾರಣ ಕಾಣೆ. ಹಿಂದೆ ನಾವೂ ಹೆದ್ದಾರಿಯಲ್ಲಿ ಲಾರಿಗಳು ಹೆಚ್ಚಾಗಿ ಎಲ್ಲಿ ನಿಂತಿವೆಯೋ ಅಲ್ಲಿಗೇ ಊಟಕ್ಕೆ ಹೋಗುತ್ತಿದ್ದೆವು; ಅದೂ ಬಹುಜನಾಭಿಪ್ರಾಯವೇ. ಆದರೆ ಲಾರಿಯ ಚಾಲಕನು ತನ್ನ ದುಡ್ಡನ್ನೂ ಹೊತ್ತನ್ನೂ ಹೊಟ್ಟೆಯನ್ನೂ ಪಣವಾಗಿಟ್ಟು ಅಲ್ಲಿ ನಿಲ್ಲುತ್ತಿದ್ದನು. ಅವನ ಆರು ಪೆನ್ನಿ ಅದು.

ಕಟ್ಟಕಡೆಯದಾಗಿ ತಕ್ಕಡಿ. ಎತ್ತಿಗೆ ಒಂದೇ ತೂಕ. ಸಾಂಬಾರಿಗೆ? ಬೆಂಗಳೂರಿನ ಒಂದೇ ಮೇಜಿನ ಮುಂದೆ ಉಡುಪಿಯವರೊಬ್ಬರೂ ಧಾರವಾಡದವರೊಬ್ಬರೂ ಕುಳಿತಿದ್ದಾರೆಂದು ಇಟ್ಟುಕೊಳ್ಳೋಣ. ಬೆಲ್ಲ ಬಿದ್ದ ಸಾಂಬಾರನ್ನು ಒಬ್ಬರು ತಾಯಿಯ ಕೈಯಡುಗೆಯಂತಿದೆ ಎಂದು ಐದು ಕೊಡುತ್ತಾರೆ. ಇನ್ನೊಬ್ಬರು ಇದೇನು ಪಾಯಸವೇ ಎಂದು ಎರಡು ಕೊಡುತ್ತಾರೆ. ಇಬ್ಬರೂ ಸತ್ಯವನ್ನೇ ನುಡಿದಿದ್ದಾರೆ. ಇಬ್ಬರನ್ನೂ ಕೂಡಿಸಿ ಭಾಗಿಸಿದ ಮೂರೂವರೆ ಮಾತ್ರ ಯಾರ ನಾಲಗೆಯ ಸತ್ಯವೂ ಅಲ್ಲ. ಅಂತಹ ಮೂರೂವರೆಯ ಸಾಂಬಾರನ್ನು ಉಂಡವನು ಈ ಲೋಕದಲ್ಲಿ ಒಬ್ಬನೂ ಇಲ್ಲ. ಇದರ ಮೇಲೆ, ಮಾತನಾಡುವವರು ಯಾರು? ಅತಿಯಾಗಿ ಹಿಗ್ಗಿದವರು ಬರೆಯುತ್ತಾರೆ, ಅತಿಯಾಗಿ ಕೆರಳಿದವರು ಬರೆಯುತ್ತಾರೆ. ಸಾಧಾರಣವಾಗಿ ತೃಪ್ತನಾದ ಗೃಹಸ್ಥನು ತೇಗಿ, ಅಡಿಕೆ ಬಾಯಿಗೆ ಹಾಕಿಕೊಂಡು, ಮನೆಗೆ ಹೋಗುತ್ತಾನೆ.

ಹಾಗಾದರೆ ಇವೆಲ್ಲ ಬರಿಯ ಬೂಟಾಟಿಕೆಯೇ? ನಾನು ಹಾಗೆನ್ನಲಾರೆ. ರುಚಿಗೆ ತಕ್ಕಡಿಯಿಲ್ಲವೆಂಬುದು ನಿಜವಾದರೂ ಹೋಟೆಲಿನಲ್ಲಿ ರುಚಿಯೊಂದೇ ಇರುವುದಿಲ್ಲವಲ್ಲ. ಕೈತೊಳೆಯುವ ಸ್ಥಳ ಶುಚಿಯಾಗಿದೆಯೇ, ರಾತ್ರಿ ಹತ್ತಕ್ಕೆ ಬಾಗಿಲು ತೆರೆದಿರುತ್ತದೆಯೇ, ಒಬ್ಬಂಟಿಯಾಗಿ ಪ್ರಯಾಣಮಾಡುವ ಹೆಣ್ಣುಮಗಳು ನಿರ್ಭಯವಾಗಿ ಕುಳಿತು ಉಣ್ಣಬಹುದೇ, ಪಟ್ಟಿಯಲ್ಲಿ ಬರೆದ ಬೆಲೆಯನ್ನೇ ಕೇಳುತ್ತಾರೆಯೇ ಎಂಬಿವು ಇಷ್ಟಾನಿಷ್ಟಗಳಲ್ಲ, ಸಂಗತಿಗಳು. ಕಣ್ಣಿದ್ದವರೆಲ್ಲರೂ ಇವಕ್ಕೆ ಸಾಕ್ಷಿಗಳಾಗಬಲ್ಲರು. ಒಬ್ಬರನ್ನೊಬ್ಬರು ಅರಿಯದ ಇಪ್ಪತ್ತು ಮಂದಿ ಬೇರೆಬೇರೆ ತಿಂಗಳುಗಳಲ್ಲಿ ಅನ್ನ ಹಳಸಿತ್ತೆಂದು ಬರೆದಿದ್ದರೆ ನಾನು ಆ ಬಾಗಿಲನ್ನು ತುಳಿಯುವುದಿಲ್ಲ. ಹಿಂದೆ ಪರಸ್ಥಳದ ಬಡ ಪ್ರಯಾಣಿಕನಿಗೆ ಇಂತಹ ನೆರವು ಇರಲಿಲ್ಲ. ವಿಮರ್ಶಕ ಮಹಾಶಯರ ಲೇಖನಗಳು ಇಪ್ಪತ್ತು ರೂಪಾಯಿಯ ಊಟದವರೆಗೆ ಇಳಿದು ಬರುತ್ತಲೂ ಇರಲಿಲ್ಲ. ಹಾಗೆಂದು ವಿಮರ್ಶಕನೊಬ್ಬನೇ ನಿಷ್ಪಕ್ಷಪಾತಿಯೆಂದೂ ಅಲ್ಲ. ಅವನಿಗೂ ಗೆಳೆಯರುಂಟು, ಅಜೀರ್ಣವುಂಟು.

ನಮ್ಮ ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನಗಳ ಜೊತೆಗೆ ಶಬ್ದವನ್ನೂ ಪ್ರಮಾಣವೆಂದು ಒಪ್ಪಿದರು. ಎಲ್ಲ ಶಬ್ದವನ್ನೂ ಅಲ್ಲ, ಆಪ್ತನ ಶಬ್ದವನ್ನು. ಆಪ್ತನೆಂದರೆ ಇಲ್ಲಿ ನಂಟನೆಂಬ ಅರ್ಥವಲ್ಲ. ವಸ್ತುವನ್ನು ತಾನೇ ಕಂಡು ಅರಿತಿರಬೇಕು, ಕಂಡುದನ್ನು ಕಂಡಂತೆ ತಿಳಿಸಬೇಕೆಂಬ ಇಚ್ಛೆಯಿಂದ ನುಡಿಯುತ್ತಿರಬೇಕು, ಅಂತಹವನು ಆಪ್ತ. ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನನು ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ಸ್ಪಷ್ಟಪಡಿಸಿದನು. ಎಷ್ಟು ಉದಾರವಾದ ಮಾತು! ಲಾರಿಯ ಚಾಲಕನೂ ಆಪ್ತನಾಗಬಹುದು, ಪಂಡಿತನೂ ಅನಾಪ್ತನಾಗಬಹುದು. ಬಹುಜನರಿಂದ ಅಭಿಪ್ರಾಯ ಕೇಳುವ ಪದ್ಧತಿಗೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿಲ್ಲ. ಆದರೆ ಅದೇ ಲಕ್ಷಣವನ್ನು 4.3ರ ಮುಂದೆ ಹಿಡಿದು ನೋಡಿರಿ. ಸರಾಸರಿಯು ಏನನ್ನೂ ಕಂಡಿಲ್ಲ, ಏನನ್ನೂ ತಿಳಿಸಬೇಕೆಂದು ಬಯಸಿಲ್ಲ. ಆರುನೂರು ಮಂದಿಯಲ್ಲಿ ಹತ್ತು ಆಪ್ತರಿದ್ದರೂ ಅದು ಅವರ ದನಿಯನ್ನು ಉಳಿದವರ ದನಿಯಲ್ಲಿ ಕರಗಿಸಿ, ಯಾರದೂ ಅಲ್ಲದ ಒಂದು ಶಬ್ದವನ್ನು ಹೊರಡಿಸುತ್ತದೆ. ಆದಕಾರಣ ನಾನು ಅಂಕಿಯನ್ನು ಬಿಟ್ಟು ಮಾತುಗಳನ್ನು ಓದುತ್ತೇನೆ. ಚಟ್ನಿಯಲ್ಲಿ ಹುರಿಗಡಲೆ ಹೆಚ್ಚಾಗಿತ್ತು ಎಂದು ಬರೆದವನು ಚಟ್ನಿಯನ್ನು ತಿಂದಿದ್ದಾನೆ. ಸೂಪರ್ ಎಂದು ಮಾತ್ರ ಬರೆದವನು ತಿಂದಿದ್ದಾನೋ ಇಲ್ಲವೋ ದೇವರೇ ಬಲ್ಲ.

ಇಷ್ಟೆಲ್ಲ ವಿಚಾರವೂ ಉಣ್ಣುವವನ ಕಡೆಯದಾಯಿತು. ಉಣಿಸುವವನೊಬ್ಬನಿದ್ದಾನೆ. ಹಾರ್ವರ್ಡಿನ ಮೈಕೆಲ್ ಲೂಕಾ ಎಂಬವರು ಸಿಯಾಟಲ್ ನಗರದ ಭೋಜನಶಾಲೆಗಳು ಸರಕಾರಕ್ಕೆ ಒಪ್ಪಿಸಿದ ವರಮಾನದ ಲೆಕ್ಕವನ್ನೂ ಯೆಲ್ಪಿನಲ್ಲಿ ಅವಕ್ಕೆ ದೊರೆತ ನಕ್ಷತ್ರಗಳನ್ನೂ ಒಟ್ಟಿಗಿಟ್ಟು ಪರೀಕ್ಷಿಸಿ, ಒಂದು ನಕ್ಷತ್ರ ಹೆಚ್ಚಿದರೆ ವರಮಾನ ಶೇಕಡಾ 5ರಿಂದ 9ರವರೆಗೆ ಹೆಚ್ಚುತ್ತದೆಂದು 2011ರಲ್ಲಿ ತಿಳಿಸಿದರು. ಊರೂರಿಗೂ ಶಾಖೆಗಳಿರುವ ದೊಡ್ಡ ಕಂಪೆನಿಗಳ ಮೇಲೆ ಈ ಪರಿಣಾಮ ಕಾಣಲಿಲ್ಲ. ಅದು ಬಿದ್ದುದೆಲ್ಲ ಸ್ವಂತವಾಗಿ ನಡೆಯಿಸುವ ಹೋಟೆಲುಗಳ ಮೇಲೆ. ಆಗ ಯೆಲ್ಪಿನಲ್ಲಿ ಸರಾಸರಿಯನ್ನು ಹತ್ತಿರದ ಅರ್ಧಕ್ಕೆ ಸರಿಮಾಡಿ ತೋರಿಸುತ್ತಿದ್ದರು: 3.24 ಇದ್ದವನಿಗೆ ಮೂರು, 3.26 ಇದ್ದವನಿಗೆ ಮೂರೂವರೆ. ಅಡುಗೆಯಲ್ಲಿ ಕೂದಲೆಳೆಯಷ್ಟೂ ಅಂತರವಿಲ್ಲದ ಈ ಇಬ್ಬರ ಪಾಡು ಒಂದೇ ಆಗಿರಲಿಲ್ಲ. ಸಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಆ ಅರ್ಧ ನಕ್ಷತ್ರದಿಂದಲೇ ಸಂಜೆಯ ಜನಸಂದಣಿಯ ಹೊತ್ತಿಗೆ ಮೇಜುಗಳೆಲ್ಲ ತುಂಬಿಹೋಗುವ ಸಂಭವ ನೂರಕ್ಕೆ 30ರಿಂದ 49ಕ್ಕೆ ಏರುತ್ತಿದ್ದಿತೆಂದು 2012ರಲ್ಲಿ ಆಂಡರ್ಸನ್, ಮಗ್ರೂಡರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಲೆಕ್ಕ ತೆಗೆದರು. ನಾವು ಆಟವೆಂದು ಒತ್ತುವ ಬೆರಳು ಇನ್ನೊಬ್ಬರ ಒಲೆಯನ್ನು ಮುಟ್ಟುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಎರಡು ವರ್ಷಗಳ ಹಿಂದೆ, ಆಷಾಢದ ಒಂದು ಸಂಜೆ, ಕಚೇರಿಯ ಕೆಲಸವೊಂದು ಕೆಟ್ಟು, ಬಸ್ಸು ಎರಡು ಗಂಟೆ ತಡವಾಗಿ, ತೊಯ್ದ ಬಟ್ಟೆಯಲ್ಲಿ ನಿಲ್ದಾಣದ ಬಳಿಯ ಸಣ್ಣ ಮೆಸ್ಸೊಂದನ್ನು ಹೊಕ್ಕೆ. ಅಣ್ಣ ತಮ್ಮಂದಿರಿಬ್ಬರು ನಡೆಯಿಸುವ ಮೆಸ್ಸು, ನಾಲ್ಕು ಬೆಂಚು. ಕಾಫಿ ತಡವಾಗಿ ಬಂತು, ಸಾಂಬಾರಿಗೆ ಉಪ್ಪು ಮುಂದಾಗಿತ್ತು. ಬಸ್ಸಿನಲ್ಲಿ ಕುಳಿತೊಡನೆ ಮೊಬೈಲನ್ನು ತೆಗೆದು ಒಂದೇ ನಕ್ಷತ್ರವನ್ನು ಒತ್ತಿ, “ರುಚಿಯಿಲ್ಲ, ಮರ್ಯಾದೆಯಿಲ್ಲ” ಎಂದು ಬರೆದೆ. ಬರೆದು ಸ್ವಲ್ಪ ಹಗುರವೂ ಆಯಿತು. ಆ ಮೆಸ್ಸಿಗೆ ಅದುವರೆಗೆ ಅಂಕ ಕೊಟ್ಟವರು ಹತ್ತೇ ಮಂದಿ. ನನ್ನ ಒಂದರಿಂದ 4.4 ಇದ್ದುದು 4.1 ಆಯಿತು.

ಒಂದು ತಿಂಗಳ ಅನಂತರ ಮತ್ತೆ ಅಲ್ಲಿಗೆ ಹೋದಾಗ ಅಣ್ಣನು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದನು. ನನ್ನ ಹೆಸರೂ ಭಾವಚಿತ್ರವೂ ನಕ್ಷತ್ರದ ಪಕ್ಕದಲ್ಲೇ ಇರುತ್ತವೆಂಬುದನ್ನು ನಾನು ಮರೆತಿದ್ದೆ. “ಸ್ವಾಮಿ, ರುಚಿಯ ಮಾತು ಇರಲಿ, ಅದು ಒಂದೊಂದು ದಿನ ಹೆಚ್ಚುಕಡಿಮೆ ಆಗುತ್ತದೆ. ಮರ್ಯಾದೆಯಿಲ್ಲ ಎಂದು ಬರೆದಿದ್ದೀರಿ. ಹುಡುಗರು ಯಾರು ಏನಂದರು, ದಯವಿಟ್ಟು ಹೇಳಿ, ವಿಚಾರಿಸುತ್ತೇನೆ” ಎಂದನು. ಯಾರೂ ಏನೂ ಅಂದಿರಲಿಲ್ಲ. ಮರ್ಯಾದೆ ಕೆಟ್ಟಿದ್ದುದು ಅಂದು ಕಚೇರಿಯಲ್ಲಿ. ನಾನು ಏನೋ ತೊದಲಿ ಬೆಂಚಿನ ಮೇಲೆ ಕುಳಿತೆ. ಆ ಕ್ಷಣವೇ ಒಂದನ್ನು ಐದು ಮಾಡಿಬಿಡೋಣವೆಂದು ಮನಸ್ಸು ಹಾತೊರೆಯಿತು. ಆದರೆ ಅಂದಿನ ಒಂದು ಕೋಪದ ಸುಳ್ಳಾದರೆ ಇಂದಿನ ಐದು ನಾಚಿಕೆಯ ಸುಳ್ಳಾಗುವುದಲ್ಲವೇ? ನನ್ನ ನೆಮ್ಮದಿಗಾಗಿ ಮುಂದಿನ ಪ್ರಯಾಣಿಕನಿಗೆ ನಾನೇಕೆ ಸುಳ್ಳು ಹೇಳಲಿ? ಊಟ ತರಿಸಿ ಮನಸ್ಸಿಟ್ಟು ಉಂಡೆ. ಪಲ್ಯ ಹದವಾಗಿತ್ತು, ಸಾರು ಘಮಘಮಿಸುತ್ತಿತ್ತು. ಸಾಂಬಾರಿಗೆ ಅಂದೂ ಉಪ್ಪು ಮುಂದಾಗಿಯೇ ಇತ್ತು.

ಕೈತೊಳೆದು ಬಂದು ದುಡ್ಡು ಕೊಡುವಾಗ ಅದನ್ನೇ ಹೇಳಿದೆ. ಮರ್ಯಾದೆಯ ಮಾತು ನನ್ನ ತಪ್ಪೆಂದೂ ಹೇಳಿದೆ. ಅವನು ಒಳಗೆ ಹೋಗಿ, ಸೌಟಿನಿಂದ ಅಂಗೈಗೆ ನಾಲ್ಕು ಹನಿ ಬಿಟ್ಟು ನೆಕ್ಕಿ, “ಹೌದು. ತಮ್ಮ ಎರಡು ಸಲ ಹಾಕಿಬಿಟ್ಟಿದ್ದಾನೆ” ಎಂದು, ಅಡುಗೆಯ ಕೋಣೆಯ ಕಡೆಗೆ ಏನೋ ಕೂಗಿದನು. ನನ್ನ ಕಡೆಗೆ ತಿರುಗಿ ಚಿಲ್ಲರೆ ಎಣಿಸಿ ಕೊಟ್ಟನು. ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತು ಹಳೆಯ ಬರವಣಿಗೆಯನ್ನು ಅಳಿಸಿದೆ. ಖಾಲಿಯಾದ ಐದು ನಕ್ಷತ್ರಗಳು ಎದುರಿಗೆ ನಿಂತವು. ಎಷ್ಟನ್ನು ಒತ್ತಬೇಕೆಂದು ಯೋಚಿಸುತ್ತಿರುವಾಗಲೇ ನಮ್ಮ ಊರಿನ ಬಸ್ಸು ಬಂದಿತು.